ಗಿರಿಜಾಳ ಪ್ಯಾಂಟು, ನನ್ನ ಭಾಷಣ

ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವುದಕ್ಕೂ ಟಿವಿಯಲ್ಲಿ ನೋಡಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಕನ್ನಡಿಯ ಮುಂದೆ ನಾವು ಸಾಮಾನ್ಯವಾಗಿ ಬಾಯಿ ಮುಚ್ಚಿಕೊಂಡಿರುತ್ತೇವೆ. ನಾನು ಟಿವಿಯಲ್ಲಿ ಬಂದದ್ದು ಒಂದೇ ಸಲ. ಯಾರಾದರೂ ಅದನ್ನು ನೆನಪಿಸಿದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ದಾಂಡೇಲಿಯಲ್ಲಿ ನನ್ನದೊಂದು ಟೇಲರ್ ಅಂಗಡಿ. ಅಪ್ಪ ಧಾರವಾಡದ ಕಡೆಯಿಂದ ಕಾಗದದ ಕಾರ್ಖಾನೆಗೆ ಬಂದವರು. ನನಗೆ ಕಾಗದಕ್ಕಿಂತ ಬಟ್ಟೆ ಒಗ್ಗಿತು. ಹಳಿಯಾಳದ ಗಿರಿಜಾ ನನ್ನ ಹಳೆಯ ಗಿರಾಕಿ. ಅಲ್ಲಿಯೇ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಚಿಕ್ಕಂದಿನಲ್ಲಿ ಪೋಲಿಯೊ ಆಗಿ, ಬಲಗಾಲಿಗೆ ಉಕ್ಕಿನ ಪಟ್ಟಿಗಳ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತಾಳೆ. ಹತ್ತು ವರ್ಷ ನಾನು ಅವಳಿಗೆ ಹೊಲಿದದ್ದು ಬಟ್ಟೆಯಲ್ಲ, ಗವಸು. ಕಾಲು ಕಾಣಬಾರದೆಂದು ನೆಲ ಗುಡಿಸುವಷ್ಟು ಉದ್ದ, ಇಬ್ಬರು ಹಿಡಿಸುವಷ್ಟು ಅಗಲ. ಅದನ್ನೇ ಕರುಣೆ ಎಂದುಕೊಂಡಿದ್ದೆ. ಆ ಕರುಣೆಗೆ ಕಾಲು ಸಿಕ್ಕಿಕೊಂಡು ಅವಳು ಎರಡು ಸಲ ಬಿದ್ದಿದ್ದಳು.

ಹೋದ ವರ್ಷ ಅವಳು ಕಿತ್ತಳೆ ಬಣ್ಣದ ಬಟ್ಟೆಯನ್ನೂ ತಾನೇ ಬರೆದ ಚಿತ್ರವನ್ನೂ ಮೇಜಿನ ಮೇಲಿಟ್ಟಳು. ಪ್ಯಾಂಟಿನ ಒಂದು ಬದಿಗೆ ತೊಡೆಯಿಂದ ಪಾದದವರೆಗೆ ಜಿಪ್ಪು. ಕ್ಯಾಲಿಪರ್ ಬಿಗಿಯಾದರೆ ಕೂತಲ್ಲೇ ತೆರೆದು ಸಡಿಲಿಸಬಹುದು.

"ಜಿಪ್ಪು ಹೊರಗ ಕಾಣತೈತಿ ಅಲ್ಲ ತಂಗಿ?" ಎಂದೆ.

"ಕಾಣಲಿ ಬಿಡ್ರಿ ಕಾಕಾ. ನೋಡೂ ಹಂಗ ಹೊಲೀರಿ" ಎಂದಳು.

ಎರಡು ಸಲ ಕೆಡಿಸಿದೆ. ಮೂರನೆಯ ಸಲ ಅವಳೇ ಮಷಿನ್ ಪಕ್ಕ ಕೂತು, ಎಲ್ಲಿ ಮಡಚಬೇಕು, ಎಲ್ಲಿ ಬಿಡಬೇಕು ಎಂದು ಹೇಳಿಕೊಟ್ಟಳು. ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದಳು. ಅವಳು ಕನ್ನಡಿಯ ಮುಂದೆ ಅಷ್ಟು ಹೊತ್ತು ನಿಂತದ್ದನ್ನು ನಾನು ನೋಡಿರಲಿಲ್ಲ.

ಅವಳ ಗೆಳತಿಯೊಬ್ಬಳು ಫೋಟೊ ತೆಗೆದು ಮೊಬೈಲಿನಲ್ಲಿ ಹಂಚಿದಳು. ಅದನ್ನು ನೋಡಿ ಟಿವಿಯವರು ಅಂಗಡಿಗೇ ಬಂದರು. ಗಿರಿಜಾಳೂ ಅದೇ ಪ್ಯಾಂಟು ಹಾಕಿಕೊಂಡು ಹಳಿಯಾಳದಿಂದ ಬಂದಳು. ವರದಿಗಾರ ಗಿರಿಜಾಳನ್ನು ಮೇಲಿಂದ ಕೆಳಗೆ ನೋಡಿ, "ಬಣ್ಣ ಸ್ವಲ್ಪ ಜಾಸ್ತಿಯಾಯ್ತು ಸರ್. ನೋಡುವವರಿಗೆ ಅಯ್ಯೋ ಅನ್ನಿಸಬೇಕಲ್ಲ" ಎಂದ. ಹೇಳಿದ್ದು ನನಗೆ. ನಾನೇನು ಮಾಡಬೇಕಿತ್ತು? ಮಾಡಿದ್ದೇನೆಂದರೆ, ಕಪಾಟಿನಿಂದ ಬೂದಿ ಬಣ್ಣದ ಶಾಲು ತೆಗೆದು ಅವಳ ಕಾಲ ಮೇಲೆ ಹೊದಿಸಿದೆ.

"ಕಾಕಾ, ಪ್ಯಾಂಟ್ ತೋರಸಾಕಂತನ ಬಂದೇನ್ರಿ" ಎಂದಳು ಸಣ್ಣ ದನಿಯಲ್ಲಿ.

"ಟಿವಿಯವ್ರಿಗೆ ಗೊತ್ತಿರತೈತಿ, ಸುಮ್ಮನಿರು" ಎಂದೆ.

ಕಾರ್ಯಕ್ರಮ ನೋಡಲು ಅಕ್ಕಪಕ್ಕದವರೆಲ್ಲ ನಮ್ಮ ಮನೆಗೆ ಬಂದಿದ್ದರು. ಅಳುವ ಪಿಟೀಲು, ಶಾಲಿನ ಅಂಚಿನಿಂದ ಇಣುಕುವ ಕ್ಯಾಲಿಪರಿನ ತುದಿ, ತಲೆ ತಗ್ಗಿಸಿ ಕೂತ ಗಿರಿಜಾ, ಆಮೇಲೆ ನಾನು. "ಇಂಥವರ ಕಷ್ಟ ನೋಡಿ ನನ್ನ ಮನಸ್ಸು ಕರಗಿತು. ರಾತ್ರಿ ಹಗಲು ಯೋಚಿಸಿ ಈ ವಿನ್ಯಾಸ ಕಂಡುಹಿಡಿದೆ." ವಿನ್ಯಾಸ ಎಂಬ ಶಬ್ದ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಗಿರಿಜಾ ಹೇಳಿದ್ದರಲ್ಲಿ ಉಳಿದದ್ದು "ನಮಸ್ಕಾರ್ರಿ" ಒಂದೇ. ಪ್ಯಾಂಟು ಒಂದು ಸಲವೂ ಕಾಣಲಿಲ್ಲ.

ನೆರೆಯವರು ಹೊಗಳಿ ಹೋದರು. ಹೆಂಡತಿ ಚಹಾದ ಲೋಟಗಳನ್ನು ಎತ್ತುತ್ತ, "ಆ ಚಿತ್ರ ಬರದಾಕಿ ಗಿರಿಜಾ ಅಲ್ಲೇನ್ರಿ?" ಎಂದು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ.

ಎರಡು ದಿನ ತಡೆದು ಹಳಿಯಾಳಕ್ಕೆ ಹೋದೆ. ಗಿರಿಜಾ ಕಚೇರಿಯ ಜಗಲಿಗೆ ಬಂದಳು. ಮೈಮೇಲೆ ನನ್ನ ಹಳೆಯ ಗವಸು. ತಪ್ಪಾಯಿತೆಂದೆ.

"ಟಿವಿಯವ್ರ ಮ್ಯಾಲ ಸಿಟ್ಟಿಲ್ರಿ ಕಾಕಾ. ಅವ್ರು ನನ್ನ ನೋಡಿದ್ದು ಅವತ್ತ ಒಂದಿನ. ನೀವು ಹತ್ತ ವರ್ಷದಿಂದ ನೋಡೀರಿ."

ಆಮೇಲೆ ಅವಳೇ, "ಇನ್ನ ಯಾರರ ಕೇಳಿದ್ರ ಖರೇ ಹೇಳ್ರಿ. ಅಷ್ಟ ಸಾಕು" ಎಂದಳು. ಹೇಳುತ್ತೇನೆಂದು ಮಾತು ಕೊಟ್ಟೆ. ಅವಳು ತಲೆಯಾಡಿಸಿ, ಉದ್ದದ ಅಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಒಳಗೆ ಹೋದಳು.

ವಾಪಸು ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರು ನನ್ನ ಮುಖವನ್ನೇ ನೋಡಿ, "ಟಿವಿ ಒಳಗ ಬಂದಿದ್ರಲ್ಲ, ಅವ್ರು ನೀವ ಅಲ್ರಿ? ಭಾಳ ಪುಣ್ಯದ ಕೆಲಸ ಮಾಡೀರಿ" ಎಂದು ಕೈಮುಗಿದರು. "ಹೌದ್ರಿ" ಎಂದೆ. ಆ ಪ್ಯಾಂಟು ನಾನು ಕಂಡುಹಿಡಿದದ್ದಲ್ಲ, ಗಿರಿಜಾ ಕಂಡುಹಿಡಿದದ್ದು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ದಾಂಡೇಲಿ ಬಂದುಬಿಟ್ಟಿತು. ಅವರು ಕೇಳಿದಾಗ ಬಸ್ಸು ಇನ್ನೂ ಹಳಿಯಾಳದ ನಿಲ್ದಾಣ ಬಿಟ್ಟಿರಲಿಲ್ಲ.