ಮೊದಲನೇ ಸಾಲಿನ ಎರಡು ಸೀಟು

ಬೆಳಿಗ್ಗೆ ಅತ್ತೆಯ ಫೋನ್ ಬಂದಾಗಲೇ ತಕ್ ಗಿಯೊಂಗನ ಗ್ರಹಚಾರ ಶುರುವಾಯಿತು. ಗಾಯಕ ಹಾರಮ್‌ನ ಸಂಗೀತ ಕಛೇರಿಗೆ ಮಧ್ಯಾಹ್ನ ಎರಡಕ್ಕೆ ಫೋನಿನಲ್ಲಿ ಟಿಕೆಟ್ ಬಿಡುತ್ತಾರಂತೆ.

"ಹೋದ್ಸಲಾನೂ ಕೈಕೊಟ್ರಿ ಅಳಿಯಂದ್ರೇ. ಊರವ್ರಿಗೆಲ್ಲ ಫೋನ್ ಕಲಿಸ್ತೀರಿ, ನನಗೊಂದು ಸೀಟು ಹಿಡಿಯೋಕಾಗಲ್ವಾ?"

ಮೂವತ್ತು ವರ್ಷದಲ್ಲಿ ಒಮ್ಮೆಯಾದರೂ ಆಕೆಯ ಬಾಯಲ್ಲಿ 'ಭೇಷ್' ಅನ್ನಿಸಿಕೊಳ್ಳಲೇಬೇಕೆಂದು ಹಟ ತೊಟ್ಟು ಗಿಯೊಂಗ್ ಹಿರಿಯರ ಭವನಕ್ಕೆ ಹೊರಟ. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಪ್ರತಿ ಮಂಗಳವಾರ ಅಲ್ಲಿ ಅಜ್ಜಿಯರಿಗೆ ಪುಕ್ಕಟೆ ಫೋನ್ ಪಾಠ ಹೇಳುತ್ತಿದ್ದ. ಕನ್ನಡಕ ಒರೆಸಿಕೊಂಡೇ ಫೋನ್ ಹಿಡಿಯಬೇಕೆಂಬುದು ಅವನ ಮೊದಲ ಪಾಠ.

ಅಲ್ಲೂ ಅದೇ ಗಲಾಟೆ. ಎಂಬತ್ತೊಂದರ ಬೊಂಗ್ರೆ ಅಜ್ಜಿಗೂ ಹಾರಮ್‌ನ ಟಿಕೆಟ್ಟೇ ಬೇಕು. ಆದರೆ ಆಕೆ ಪರದೆ ಒತ್ತುವ ಪರಿ ನೋಡಬೇಕಿತ್ತು: ಎಡಗೈಯಿಂದ ಬಲ ಮೊಣಕೈ ಹಿಡಿದು, ತಲೆ ತಗ್ಗಿಸಿ, ಹಿರಿಯರಿಗೆ ಬಟ್ಟಲು ಒಪ್ಪಿಸಿದ ಹಾಗೆ. ಅಷ್ಟರಲ್ಲಿ ಪರದೆಯೇ ಕಪ್ಪಾಗುತ್ತಿತ್ತು.

"ಏನಜ್ಜಿ ಇದು?"

"ಹುಡುಗ ಅಷ್ಟು ಚೆನ್ನಾಗಿ ಹಾಡ್ತಾನೆ. ಒಂದೇ ಕೈಲಿ ಹೇಗೆ ತಿವೀಲಿ ಮೇಷ್ಟ್ರೇ?"

ಪಕ್ಕದ ಮಲ್ಸುನ್ ಅಜ್ಜಿ ನಕ್ಕಳು. "ಇವಳು ಬಗ್ಗಿ ಏಳೋದ್ರೊಳಗೆ ಅವನು ಹಾಡಿ ಮುಗಿಸಿ ಮನೇಗ್ ಹೋಗಿರ್ತಾನೆ."

"ಮರ್ಯಾದೆ ಆಮೇಲೆ ಅಜ್ಜಿ. ಇಸ್ಪೀಟಾಡೋವಾಗ ಎಲೆ ಹೇಗೆ ಬಡೀತೀರಿ? ಹಾಗೆ ಬಡೀರಿ" ಎಂದ ಗಿಯೊಂಗ್.

ಎರಡು ಗಂಟೆಗೆ ಇನ್ನೆರಡೇ ಸೆಕೆಂಡು. ಮಲ್ಸುನ್ ಅವನ ತೋಳು ಜಗ್ಗಿದಳು. "ಮೇಷ್ಟ್ರೇ, ನನ್ನ ಫೋನಲ್ಲಿ ಹಾರಮ್ ಮಾಯವಾದ." ತೋಳು ಬಿಡಿಸಿಕೊಂಡು ಒತ್ತುವಷ್ಟರಲ್ಲಿ ಗಿಯೊಂಗನ ಸರದಿ ನಲವತ್ತೊಂದು ಸಾವಿರದ ಮುನ್ನೂರಾರು.

ಅತ್ತ ಚಟ್ ಎಂದು ಸದ್ದಾಯಿತು. ಬೊಂಗ್ರೆಯ ಸುಕ್ಕುಬೆರಳು ಗಿಡುಗನಂತೆ ಎರಗಿ, ಮತ್ತೆ ಎರಗಿ, ಮೂರನೆಯ ಏಟಿಗೆ ನಿಂತಿತು. ಮೊದಲನೇ ಸಾಲು, ಸೀಟು ಏಳು ಮತ್ತು ಎಂಟು. ಕಳೆದ ವಾರ ಫೋನನ್ನು ತಲೆಕೆಳಗಾಗಿ ಹಿಡಿದಿದ್ದ ಕೈ ಇದೇನಾ? ಗಿಯೊಂಗ್ ತನ್ನ ಸೋಲನ್ನೂ ಮರೆತು ಆ ಬೆರಳನ್ನೇ ನೋಡುತ್ತ ಕೂತ.

ಆಮೇಲೆ ಮೆತ್ತಗೆ ಕೇಳಿದ. "ಅಜ್ಜಿ, ಇನ್ನೊಂದು ಸೀಟು ನಮ್ಮತ್ತೆಗೆ ಕೊಡ್ತೀರಾ?"

"ಅಯ್ಯೋ, ಅದು ಅಭಿಮಾನಿ ಸಂಘದ ಗೆಳತಿಗೆ ಮೇಷ್ಟ್ರೇ, ಆಗ್ಲೇ ಮೆಸೇಜು ಹಾಕ್ಬಿಟ್ಟೆ. ಪಾಪ, ಅವಳಿಗೊಬ್ಬ ಅಳಿಯ ಇದ್ದಾನಂತೆ, ಕೈಲಾಗದವನು."

ಅಷ್ಟರಲ್ಲಿ, ಪಾಠಕ್ಕೆಂದು ಸ್ಪೀಕರಿನಲ್ಲೇ ಇಟ್ಟಿದ್ದ ಗಿಯೊಂಗನ ಫೋನ್ ರಿಂಗಾಯಿತು. ಅತ್ತೆ.

"ಅಳಿಯಂದ್ರೇ, ನೀವು ಒದ್ದಾಡ್ಬೇಡಿ. ನೀವು ಹಿಡಿಯಲ್ಲ ಅಂತ ಗೊತ್ತಿದ್ದೇ ನಮ್ಮ ಬೊಂಗ್ರೆಗೆ ಹೇಳಿಟ್ಟಿದ್ದೆ. ಈಗಷ್ಟೇ ಮೆಸೇಜು ಬಂತು, ಮೊದಲನೇ ಸಾಲಂತೆ. ಎಂಬತ್ತೊಂದು ವರ್ಷ ಅವಳಿಗೆ, ಭೇಷ್ ಅನ್ಬೇಕು. ನೀವೂ ನಾಲ್ಕು ದಿನ ಅವಳ ಹತ್ರ ಹೋಗಿ ಕಲ್ತ್ಕೊಂಡ್ ಬನ್ನಿ."

ಬೊಂಗ್ರೆ ಗಿಯೊಂಗನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಪಕ್ಕಕ್ಕೆ ಸರಿದು, ಚಾಪೆಯ ಮೇಲೆ ಜಾಗ ಮಾಡಿದಳು.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ಮೊದ್ಲು ಆ ಕನ್ನಡಕ ಒರೆಸ್ಕೊಳ್ಳಿ."