ತೆಂಗಿನೆಣ್ಣೆ ಕುಡಿದ ಗರಗಸ

ಓದಿಕೊಂಡವರಿಗೆ ಒಂದು ಚಟವಿರುತ್ತದೆ. ಗೊತ್ತಿಲ್ಲದ ವಸ್ತುವೊಂದನ್ನು ಕೊಳ್ಳುವಾಗ ಗೊತ್ತಿದ್ದವರನ್ನು ಕೇಳುವುದಿಲ್ಲ, ಪಟ್ಟಿ ಮಾಡುತ್ತೇವೆ. ನಾನು ಮಿಕ್ಸಿಯನ್ನು ಪಟ್ಟಿ ಮಾಡಿ ಕೊಂಡವನು, ಮಲಗುವ ಹಾಸಿಗೆಯನ್ನು ಪಟ್ಟಿ ಮಾಡಿ ಕೊಂಡವನು. ಮದುವೆಗೂ ಪಟ್ಟಿ ಮಾಡಿದ್ದೆನೆಂದು ನನ್ನ ಹೆಂಡತಿ ಶಾಲಿನಿಗೆ ಗುಮಾನಿಯಿದೆ. ನಾನು ಇದುವರೆಗೆ ಒಪ್ಪಿಕೊಂಡಿಲ್ಲ, ಅಲ್ಲಗಳೆದೂ ಇಲ್ಲ. ಇಂಥ ನಾನು ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಕಾರ್ಕಳದ ಆಚೆಯ ಗುಡ್ಡದಲ್ಲಿ ಸಾವಿಗೆ ಆರಾಮವಾಗಿ ಎದೆಯೊರಗಿಸಿ ನಿಂತಿದ್ದೆ. ನಿಂತಿದ್ದೇನೆಂಬುದೇ ನನಗೆ ಗೊತ್ತಿರಲಿಲ್ಲ. ಈಗಲೂ ಮಣಿಪಾಲಕ್ಕೆ ಹೋಗುವ ಬಸ್ಸಿನ ಬಾಗಿಲು ಠಪ್ಪೆಂದು ಮುಚ್ಚಿದರೆ ಕೈ ತಾನಾಗಿ ಎದೆಯ ಮೇಲೆ ಹೋಗುತ್ತದೆ. ಕಂಡಕ್ಟರು ನಾನು ಟಿಕೆಟಿಗೆ ಕಿಸೆ ತಡಕುತ್ತಿದ್ದೇನೆಂದು ತಿಳಿದು ಮುಂದೆ ಬಂದು ನಿಲ್ಲುತ್ತಾರೆ.

ಇದಕ್ಕೆಲ್ಲ ಮೂಲ ಶಾಲಿನಿಯ ತಮ್ಮ ಶ್ರೀಪತಿ ಮತ್ತು ಅವನ ಜೀಪು. ಅವನ ಅಪ್ಪ, ಎಂದರೆ ನನ್ನ ಮಾವ, ಉಡುಪಿಯ ದೇವಸ್ಥಾನವೊಂದರಲ್ಲಿ ಪೂಜೆ ಮಾಡುವವರು. ಮಗ ಕಾಪುವಿನ ವಿಮಾ ಕಚೇರಿಯಲ್ಲಿ ಕುಳಿತು ವಾರವಿಡೀ ಜಜ್ಜಿಹೋದ ವಾಹನಗಳ ಫೋಟೋ ನೋಡುತ್ತಾನೆ. ಭಾನುವಾರ ಅಂಥದೇ ಫೋಟೋ ತಾನೂ ತಯಾರಿಸಲು ಗುಡ್ಡಕ್ಕೆ ಹೊರಡುತ್ತಾನೆ. ಜೀಪನ್ನು ಅವನು ಕೊಂಡದ್ದು ಎರ್ಮಾಳಿನ ಕಡಲ ಬದಿಯ ಮನೆಯೊಂದರಿಂದ. ಉಪ್ಪುಗಾಳಿಗೆ ಅದರ ನೆಲದ ತಗಡು ತೂತುಬಿದ್ದು, ಹಿಂದೆ ಕುಳಿತರೆ ಕಾಲಡಿಯಲ್ಲಿ ರಸ್ತೆ ಓಡುವುದು ಕಾಣುತ್ತದೆ. ಬೇರೆಯವರ ವಾಹನಕ್ಕೆ ಹತ್ತು ನಿಮಿಷದಲ್ಲಿ ಪೂಜೆ ಮುಗಿಸುವ ಮಾವ ಇದಕ್ಕೆ ಮಾತ್ರ ಮುಕ್ಕಾಲು ಗಂಟೆ ತೆಗೆದುಕೊಂಡರು. ಕಾರಣ ಯಾರೂ ಕೇಳಲಿಲ್ಲ.

ಹಿಂದಿನ ಮಳೆಗಾಲದ ಕೊನೆಯಲ್ಲಿ ಒಂದು ಕಾಡುದಾರಿಗೆ ಅಡ್ಡ ಬಿದ್ದ ಮರವನ್ನು ನಾವಿಬ್ಬರು ಒಂದು ಕತ್ತಿಯಲ್ಲಿ ಮೂರು ಗಂಟೆ ಕಡಿದಿದ್ದೆವು. ಮರಕ್ಕಿಂತ ಹೆಚ್ಚು ಸುಲಿದದ್ದು ನಮ್ಮ ಅಂಗೈ. ಆವತ್ತು ಶ್ರೀಪತಿ ತೀರ್ಮಾನಿಸಿದ: "ಭಾವ, ಜೀಪಿನಲ್ಲಿ ಒಂದು ಮರ ಕೊಯ್ಯುವ ಮಿಷನ್ ಇರ್ಬೇಕು. ನೀವು ಕಾಲೇಜಲ್ಲಿ ಕಲಿಸುವವರು, ನೀವೇ ಆರಿಸಿ." ನಾನು ಕಲಿಸುವುದು ರಸಾಯನಶಾಸ್ತ್ರ. ಗರಗಸಕ್ಕೂ ಅದಕ್ಕೂ ಎಂತ ಸಂಬಂಧ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಹೊಸ ಪಟ್ಟಿಯೊಂದರ ವಾಸನೆ ಬಡಿದಿತ್ತು.

ಹನ್ನೊಂದು ಕಲಂಗಳ ಪಟ್ಟಿ ಅದು. ಬ್ಯಾಟರಿಯದಾದರೆ ಗಲಾಟೆಯಿಲ್ಲ, ಆದರೆ ಗುಡ್ಡದ ಮೇಲೆ ಚಾರ್ಜು ಮುಗಿದರೆ ಪ್ಲಗ್ಗು ಹಾಕಲು ಹಲಸಿನ ಮರದಲ್ಲಿ ಸಾಕೆಟ್ಟಿಲ್ಲ. ಪೆಟ್ರೋಲಿನದಾದರೆ ಶಕ್ತಿ ಉಂಟು, ಆದರೆ ಜೀಪಿನೊಳಗಿಟ್ಟರೆ ವಾಸನೆಗೆ ತಲೆ ಸುತ್ತುತ್ತದೆ, ಮೇಲೆ ಕಟ್ಟಬೇಕು. ಚೈನು ಸುತ್ತಿಕೊಂಡು ಓಡುವ ಅಲಗಿನ ಉದ್ದ ಹನ್ನೆರಡು ಇಂಚೇ, ಹದಿನಾರೇ, ಇಪ್ಪತ್ತೆರಡೇ? ತೂಕ ಎಷ್ಟು, ನಡುಕ ಎಷ್ಟು, ಬಿಡಿಭಾಗ ಕಾರ್ಕಳದಲ್ಲಿ ಸಿಗುತ್ತದೆಯೇ? ಎರಡು ವಾರ ಕೂತು ಅಂಕ ಹಾಕಿದೆ. ಹದಿನಾರು ಇಂಚಿನದು ಗೆದ್ದಿತು. ಶ್ರೀಪತಿ ಅದರ ಚಿತ್ರ ನೋಡಿ ಮುಖ ಸಣ್ಣದು ಮಾಡಿದ. "ಇದೆಂತ ಭಾವ, ಬಸಳೆ ಹೆಚ್ಚಲಿಕ್ಕಾ? ಜೀಪಿನ ಮೇಲೆ ಕಟ್ಟಿದ್ರೆ ನಾಲ್ಕು ಜನಕ್ಕೆ ಕಾಣ್ಬೇಡ್ವಾ?" ನಾನು 'ಗಾಂಭೀರ್ಯ' ಎಂಬ ಹನ್ನೆರಡನೆಯ ಕಲಂ ಸೇರಿಸಿ ಅದಕ್ಕೆ ಇಪ್ಪತ್ತು ಅಂಕ ಇಟ್ಟೆ. ಇಪ್ಪತ್ತೆರಡು ಇಂಚಿನದು ಮೊದಲ ದರ್ಜೆಯಲ್ಲಿ ಪಾಸಾಯಿತು. ಕಾಲೇಜಿನಲ್ಲಿ ಇಂಟರ್ನಲ್ ಅಂಕ ಕೊಟ್ಟು ಅಭ್ಯಾಸವಿದ್ದವನಿಗೆ ಇದೇನೂ ಕಷ್ಟವಲ್ಲ.

ಕಾರ್ಕಳದಲ್ಲಿ ಕೃಷಿ ಯಂತ್ರ ಮಾರುವ ಪ್ರಭುಗಳ ಅಂಗಡಿಗೆ ಹೋದೆವು. "ಎಂತ ಮರ ಕೊಯ್ಲಿಕ್ಕೆ ಉಂಟು?" ಎಂದು ಪ್ರಭುಗಳು ಕೇಳಿದರು.

"ಮರ ಇಲ್ಲ. ಜೀಪಿನಲ್ಲಿ ಇಟ್ಕೊಳ್ಳಲಿಕ್ಕೆ," ಎಂದ ಶ್ರೀಪತಿ.

"ಜೀಪಿಗೆ ಸ್ಟೆಪ್ನಿ ಇಡುದು ಗೊತ್ತುಂಟು ಮಾರಾಯ್ರೆ. ಇದು ಹೊಸತು," ಎಂದರು ಪ್ರಭುಗಳು.

ಅಂಗಡಿಯ ಮೂಲೆಯಲ್ಲಿ ಒಬ್ಬರು ಸ್ಟೂಲಿನ ಮೇಲೆ ಕುಳಿತು ತಮ್ಮ ಹಳೆಯ ಗರಗಸದ ಚೈನಿನ ಒಂದೊಂದೇ ಹಲ್ಲನ್ನು ಅರದಿಂದ ಉಜ್ಜುತ್ತಿದ್ದರು. ಶರಣಪ್ಪ. ಕೊಪ್ಪಳದ ಕಡೆಯವರು, ಮರ ಕೊಯ್ಯುವ ಕೆಲಸಕ್ಕೆ ಬಂದು ಕುಕ್ಕುಂದೂರಿನಲ್ಲಿ, ನಮ್ಮ ಮನೆಯಿಂದ ಎರಡು ತಿರುವಿನಾಚೆ, ಹದಿನೈದು ವರ್ಷದಿಂದ ಇದ್ದಾರೆ. ನಾನು ದಿನಾ ಬಸ್ಸಿಗೆ ಹೋಗುವಾಗ ಅವರಿಗೊಂದು ನಗು ಕೊಡುತ್ತಿದ್ದೆ, ಅಷ್ಟೆ. ತಲೆಯೆತ್ತದೆಯೇ ಅವರು ಹೇಳಿದರು: "ಸರ, ಸಣ್ಣದು ಒಯ್ರಿ. ಹದಿನಾರು ಇಂಚು ಸಾಕು. ಜೋಡಿಗೆ ಎರಡು ಬೆಣಿ, ಒಂದು ಹಗ್ಗ ತಗೋರಿ."

"ಎಷ್ಟು ದೊಡ್ಡ ಮರ ಬೀಳ್ತದೆ ಅಂತ ಹೇಳ್ಲಿಕ್ಕೆ ಬರುದಿಲ್ಲ ಅಲ್ವಾ," ಎಂದೆ.

"ದೊಡ್ಡ ಗಿಡಕ್ಕ ಅಂಜೂದು ಬ್ಯಾಡ್ರಿ. ಅದು ಸುಮ್ಮನ ಮಲಗಿರತೈತಿ. ಬಾಗಿದ ಸಣ್ಣ ಗಿಡ ಕಂಡ್ರ ದೂರ ನಿಂದರ್ರಿ. ಅದಕ್ಕ ನಿಮ್ಮ ಮಿಷನ್ ಎಷ್ಟ್ ಇಂಚು ಅಂತ ತಿಳಿಯಂಗಿಲ್ಲ."

ಅವರ ಕಡೆ ಮರಕ್ಕೆಲ್ಲ ಗಿಡ ಎನ್ನುತ್ತಾರೆ. ಮಾತು ನನಗೆ ಅರ್ಥವಾಯಿತು. ಆದರೆ ನನ್ನ ಪಟ್ಟಿಯಲ್ಲಿ ಬೆಣೆಗೂ ಹಗ್ಗಕ್ಕೂ ಕಲಂ ಇರಲಿಲ್ಲ, ನಿಲ್ಲುವ ಜಾಗಕ್ಕಂತೂ ಇರಲೇ ಇಲ್ಲ. ವಿದ್ಯಾರ್ಥಿಯೊಬ್ಬ ತಪ್ಪು ಪ್ರಶ್ನೆಗೆ ಸರಿ ಉತ್ತರ ಬರೆದಾಗ ಮೇಷ್ಟ್ರು ನಗುವ ಹಾಗೆ ನಕ್ಕು ಇಪ್ಪತ್ತೆರಡು ಇಂಚಿನದನ್ನು ಹೊತ್ತು ತಂದೆವು.

ಚೈನಿಗೆ ಹಾಕುವ ಎಣ್ಣೆ ಅಂಗಡಿಯಲ್ಲಿ ಮುಗಿದಿತ್ತು. ಬುಧವಾರ ಬನ್ನಿ ಎಂದರು ಪ್ರಭುಗಳು. ಬುಧವಾರದವರೆಗೆ ಕಾಯುವವನು ವಿಜ್ಞಾನ ಕಲಿಯುವುದೇಕೆ? ಆ ಎಣ್ಣೆ ಚೈನಿನಿಂದ ಸಿಡಿದು ಕಾಡಿನ ಮಣ್ಣಿಗೇ ಸೇರುವುದು. ಅದರ ಬದಲು ಗಿಡದಿಂದ ಬಂದ ಎಣ್ಣೆಯನ್ನೇ ಹಾಕಿದರೆ ಮಣ್ಣಿಗೂ ಒಳ್ಳೆಯದು ಎಂದು ಶ್ರೀಪತಿಗೆ ದಾರಿಯುದ್ದಕ್ಕೂ ಪಾಠ ಮಾಡಿದೆ. ಮನೆಗೆ ಬಂದು ಗಾಣದಿಂದ ತಂದಿಟ್ಟಿದ್ದ ತೆಂಗಿನೆಣ್ಣೆಯ ಡಬ್ಬಿ ಎತ್ತಿಕೊಂಡೆ. "ಅದು ತಲೆಗೆ ಹಚ್ಚಲಿಕ್ಕೆ ಇಟ್ಟದ್ದು," ಎಂದಳು ಶಾಲಿನಿ. "ಮಿಷನಿಗೆ ಯಾಕೆ, ಅದಕ್ಕೆ ಕೂದಲುಂಟಾ?" ಮಟಮಟ ಮಧ್ಯಾಹ್ನ ಅಂಗಳದಲ್ಲಿ ಒಂದು ಒಣಗಿದ ತೆಂಗಿನ ಕೊರಡಿನ ಮೇಲೆ ಪರೀಕ್ಷೆ ನಡೆಯಿತು. ಗರಗಸ ಬೆಣ್ಣೆ ಕೊಯ್ದ ಹಾಗೆ ಕೊಯ್ದಿತು. ಅಕ್ಕಪಕ್ಕದವರು ಬೇಲಿಯ ಬಳಿ ಬಂದು ನಿಂತು ಮೆಚ್ಚಿದರು. ಉಡುಪಿಯಿಂದ ಬಂದಿದ್ದ ಮಾವ ಅದಕ್ಕೆ ಗಂಧ ಹಚ್ಚಿ, ದಾಸವಾಳ ಏರಿಸಿ, ಒಂದು ಹೆಜ್ಜೆ ಹಿಂದೆ ಸರಿದು ಕೈಮುಗಿದರು. ಆ ಹಿಂದಿನ ಹೆಜ್ಜೆಯಿಂದಲೂ ನಾವು ಕಲಿಯಲಿಲ್ಲ.

ಆ ಭಾನುವಾರ ನಾವು ಹೋದದ್ದು ಶ್ರೀಪತಿಯ ಪರಿಚಯದವರೊಬ್ಬರ ಖಾಸಗಿ ಅಕೇಶಿಯಾ ಗುಡ್ಡಕ್ಕೆ, ಘಟ್ಟದ ಬುಡದಲ್ಲಿ. ಮಂಜು ಇನ್ನೂ ಕರಗಿರಲಿಲ್ಲ. ಮಾತಾಡಿದರೆ ಬಾಯಿಂದ ಹೊಗೆ. ಜೀಪಿನ ನೆತ್ತಿಯ ಮೇಲೆ ರಾತ್ರಿಯಿಡೀ ಇಬ್ಬನಿಯಲ್ಲಿ ನೆನೆದ ಗರಗಸ, ನನ್ನ ತೊಡೆಯ ಮೇಲೆ ಇಡ್ಲಿಯ ಸ್ಟೀಲ್ ಕ್ಯಾರಿಯರು. ಎರಡನೆಯ ತಿರುವಿನಲ್ಲಿ ದಾರಿ ಕಟ್ಟಿತ್ತು. ದೊಡ್ಡದೊಂದು ಅಕೇಶಿಯಾ ಬುಡಸಮೇತ ಉರುಳಿ, ಪಕ್ಕದ ಸಣ್ಣ ಮರವೊಂದರ ತುದಿಯನ್ನು ನೆಲಕ್ಕೆ ಅದುಮಿ ಹಿಡಿದಿತ್ತು. ಸಣ್ಣ ಮರ ನನ್ನ ತೊಡೆಯಷ್ಟು ದಪ್ಪ. ಅದರ ಬೇರು ದಾರಿಯ ಈ ಬದಿಯ ಮಣ್ಣಿನ ದರೆಯಲ್ಲಿ, ತುದಿ ಆ ಬದಿಯಲ್ಲಿ ದೊಡ್ಡದರ ಅಡಿಗೆ, ನಡು ನಮ್ಮ ಜೀಪಿನತ್ತ ಎದೆಯೆತ್ತರದಲ್ಲಿ ಬಿಲ್ಲಿನಂತೆ ಬಾಗಿತ್ತು. ಬಿಲ್ಲಿನಂತೆ ಎಂದು ಈಗ ಬರೆಯುತ್ತಿದ್ದೇನೆ. ಆಗ ನನಗೆ ಕಂಡದ್ದು ಇಡ್ಲಿ ತಿನ್ನುವಾಗ ಒರಗಲು ಅನುಕೂಲವಾದ ಒಂದು ಕಟಕಟೆ.

ಕ್ಯಾರಿಯರನ್ನು ಪಕ್ಕದ ಮುರಕಲ್ಲಿನ ಮೇಲಿಟ್ಟೆ. ಶ್ರೀಪತಿ ಗರಗಸ ಚಾಲೂ ಮಾಡಿ, ಬಾಗಿದ ಹೊಟ್ಟೆಯ ಹೊರಮೈಗೆ, ಎಂದರೆ ನಮ್ಮ ಕಡೆಗೆ, ಹಲ್ಲು ಊರಿದ. ಮರ ಅಲ್ಲಾಡದಿರಲಿ ಎಂದು ನಾನು ಎರಡು ಮಾರು ಈಚೆ ಅದಕ್ಕೆ ಎದೆಯೊತ್ತಿ ನಿಂತೆ. ಎರಡು ಬೆರಳು ಆಳ ಹೋಗಿರಬೇಕು, ಹೊಗೆ ಬಂತು. ಹೊಗೆಯ ಜೊತೆಗೆ ಬಾಳೆಕಾಯಿ ಚಿಪ್ಸ್ ಕರಿಯುವ ಪರಿಮಳವೂ ಬಂತು. ಚೈನು ಕಿರ್ರೆಂದು ಅಳುತ್ತಾ ನಿಂತೇ ಹೋಯಿತು. ಎಣ್ಣೆಯ ಮುಚ್ಚಳ ತೆಗೆದು ನೋಡಿದರೆ ಒಳಗೆ ಬೆಳ್ಳಗೆ, ಗಟ್ಟಿಯಾಗಿ, ದೇವರ ಮುಂದಿನ ಬೆಣ್ಣೆಯ ಹಾಗೆ ಕುಳಿತಿದೆ. ತೆಂಗಿನೆಣ್ಣೆ ಇಪ್ಪತ್ತನಾಲ್ಕು ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಪ್ರತಿವರ್ಷ ಮಕ್ಕಳಿಂದ ಇದನ್ನೇ ಪ್ರಯೋಗ ಮಾಡಿಸಿ ಸಹಿ ಹಾಕುವವನು ನಾನು.

"ಭಾವ, ನಿಮ್ಮ ಮಣ್ಣಿಗೆ ಒಳ್ಳೇದಾದ ಎಣ್ಣೆ ಚೈನಿಗೆ ಇಳೀತಾ ಇಲ್ಲ," ಎಂದ ಶ್ರೀಪತಿ. "ಸ್ವಲ್ಪ ಬಿಸಿಲು ಬರ್ಲಿ. ಕರಗ್ತದೆ. ಮತ್ತೆ ಒಂದೇ ನಿಮಿಷದ ಕೆಲಸ."

ಬಿಸಿಲು ಕಾಯುತ್ತಾ ನಾನು ಮರಕ್ಕೊರಗಿಯೇ ನಿಂತಿದ್ದೆ. ಆಗ ಕೆಳಗಿನಿಂದ ಒಂದು ಮೊಪೆಡ್ ಹತ್ತಿ ಬಂತು. ಕಾಲುಗಳ ನಡುವೆ ಹಳೆಯ ಗರಗಸ ಇಟ್ಟುಕೊಂಡ ಶರಣಪ್ಪ. ದಾರಿ ಬಿಡಿಸಲು ಗುಡ್ಡದ ಯಜಮಾನರು ಅವರಿಗೆ ಹೇಳಿ ಕಳಿಸಿದ್ದರಂತೆ. ಮೊಪೆಡ್ ನಿಲ್ಲಿಸಿ ಒಂದು ಗಳಿಗೆ ನಮ್ಮನ್ನು ನೋಡಿದರು. "ಸರ, ಅಲ್ಲಿಂದ ಸರೀರಿ," ಎಂದರು. ಕೂಗಲಿಲ್ಲ, ನಿದ್ದೆಯಲ್ಲಿರುವ ಮಗುವಿನ ಹತ್ತಿರ ಮಾತಾಡಿದ ಹಾಗಿತ್ತು ಆ ದನಿ. ನಾನು ಎಣ್ಣೆ ಹೆಪ್ಪುಗಟ್ಟುವುದರ ಕಾರಣ ವಿವರಿಸಲು ಶುರುಮಾಡಿದೆ. ಅವರು ಹತ್ತಿರ ಬಂದು ನನ್ನ ಅಂಗಿಯ ಕಾಲರಿಗೆ ಕೈ ಹಾಕಿ, ಸಾಮಾನು ಎತ್ತಿಟ್ಟ ಹಾಗೆ ನನ್ನನ್ನು ಎತ್ತಿ ಜೀಪಿನ ಹಿಂದಕ್ಕೆ ಇಟ್ಟರು. ಆಮೇಲೆ ಹೆಜ್ಜೆಯಲ್ಲಿ ಅಳೆದು ನೋಡಿ, ಜೀಪನ್ನೂ ಹಿಂದೆ ತೆಗೆಯಿರಿ ಎಂದರು.

"ಜೀಪು ಎಂತಕ್ಕೆ?" ಎಂದ ಶ್ರೀಪತಿ.

"ನಿಮಗ ಜೀಪು ಬೇಕಲ್ರಿ?"

ಶ್ರೀಪತಿ ಬೇಗ ಹಿಂದೆ ತೆಗೆದ.

ಮುಂದಿನದನ್ನು ನಾನು ದಿನಕ್ಕೆ ನಾಲ್ಕೈದು ಸಲವಾದರೂ ಮತ್ತೆ ನೋಡುತ್ತಿರುತ್ತೇನೆ. ಶರಣಪ್ಪ ಗರಗಸ ಮುಟ್ಟಲಿಲ್ಲ. ಮೊದಲು ಮರದ ಸುತ್ತ ಬಂದರು. ಅಂಗೈಯಿಂದ ತೊಗಟೆಯನ್ನು ಅಲ್ಲಲ್ಲಿ ತಟ್ಟಿದರು, ವೈದ್ಯರು ಬೆನ್ನು ತಟ್ಟಿ ನೋಡುವ ಹಾಗೆ. ಶ್ರೀಪತಿ ಕೊಯ್ದ ಗಾಯದಲ್ಲಿ ಒಂದು ಒಣಕಡ್ಡಿ ಇಳಿಬಿಟ್ಟರು. ಅದು ಎಲ್ಲೂ ಸಿಕ್ಕದೆ ಜಾರಿತು. "ಬಾಯಿ ತಗದೈತಿ ನೋಡ್ರಿ," ಎಂದರು. "ಹೊರಗಿನ ಮೈ ಹರಿಯಾಕ ಹತ್ತೈತಿ. ಎಲ್ಲಾ ಸಿಟ್ಟು ಇಲ್ಲೇ ಐತಿ." ಬಳಿಕ ಬಿಲ್ಲಿನ ಒಳಬದಿಗೆ ಹೋಗಿ, ಹಿಂದೆ ಓಡಲು ದಾರಿಯಲ್ಲಿದ್ದ ಬಳ್ಳಿಗಳನ್ನು ಕಾಲಿನಿಂದ ಸರಿಸಿ, ತಮ್ಮ ಸಣ್ಣ ಗರಗಸದಿಂದ ಒಳಮೈಯನ್ನು ತೆಳುವಾಗಿ, ಮಾವಿನ ಸಿಪ್ಪೆ ತೆಗೆದ ಹಾಗೆ ಕೆರೆಯತೊಡಗಿದರು. ಕೆರೆಯುವುದು, ನಿಲ್ಲಿಸುವುದು, ಕೇಳುವುದು. ಮರ ಒಳಗೊಳಗೇ ಟಿಕ್ ಟಿಕ್ ಎನ್ನುತ್ತಿತ್ತು. ಪ್ರತಿ ಟಿಕ್ಕಿಗೂ ಅವರು ಅರ್ಧ ಹೆಜ್ಜೆ ಹಿಂದೆ. ಇಷ್ಟು ಮರ್ಯಾದೆಯಿಂದ ಒಂದು ಕೆಲಸ ಮಾಡುವುದನ್ನು ನಾನು ಯಾವ ಪ್ರಯೋಗಾಲಯದಲ್ಲೂ ಕಂಡಿಲ್ಲ.

ಐದನೆಯ ಸಲವೋ ಆರನೆಯ ಸಲವೋ ಅವರು ಹಿಂದೆ ಸರಿದರು. ಮರ ಎದ್ದಿತು. ಎದ್ದದ್ದು ಕಣ್ಣಿಗೆ ಕಾಣಲಿಲ್ಲ. ಮೊದಲು ಇಲ್ಲಿತ್ತು, ಆಮೇಲೆ ಅಲ್ಲಿತ್ತು. ನಡುವೆ ಒಂದು ಸದ್ದು. ಬೆಂಚಿನ ಮೇಲೆ ಹತ್ತು ಜನ ಒಟ್ಟಿಗೆ ಕೋಲು ಬಡಿದರೆ ಅಂಥ ಸದ್ದು ಬಂದೀತು. ಎದುರಿನ ದರೆಯಿಂದ ಕೆಂಪು ಮಣ್ಣು ಮಳೆಯ ಹಾಗೆ ಸುರಿಯಿತು. ಮಣ್ಣು ಇಳಿದ ಮೇಲೆ ನೋಡಿದರೆ ನಾನು ನಿಂತಿದ್ದ ಜಾಗದ ಮುರಕಲ್ಲು ಎರಡಾಗಿತ್ತು. ಅದರ ಮೇಲಿದ್ದ ಕ್ಯಾರಿಯರು ಇರಲಿಲ್ಲ. ಆಮೇಲೆ ಮೇಲಿನ ಕೊಂಬೆಯೊಂದರಿಂದ ಒಂದು ಇಡ್ಲಿ ನಿಧಾನವಾಗಿ ಜಾರಿ ಜೀಪಿನ ಬಾನೆಟ್ಟಿನ ಮೇಲೆ ಬಿತ್ತು.

ಕ್ಯಾರಿಯರು ಮೂವತ್ತು ಹೆಜ್ಜೆ ಆಚೆ ಸಿಕ್ಕಿತು, ಚಪ್ಪಟೆಯಾಗಿ, ತಟ್ಟೆಯ ಹಾಗೆ. ಶ್ರೀಪತಿ ಅದನ್ನು ಕೈಯಲ್ಲಿ ಹಿಡಿದು ಕೂತುಬಿಟ್ಟ. ಕಚೇರಿಯಲ್ಲಿ ದಿನಾ ಜಜ್ಜಿದ್ದನ್ನೇ ನೋಡುವವನು ಇದನ್ನು ಮಾತ್ರ ನೋಡಲಾರದೆ ನನ್ನ ಮುಖ ನೋಡಿದ, ನನ್ನ ಎದೆ ನೋಡಿದ, ಮತ್ತೆ ಕ್ಯಾರಿಯರು ನೋಡಿದ. "ಅಕ್ಕನಿಗೆ ಎಂತ ಹೇಳ್ತಿದ್ದೆ ನಾನು?" ಎಂದ. ಕ್ಯಾರಿಯರಿನ ಬಗ್ಗೆ ಹೇಳುತ್ತಿದ್ದಾನೆಂದು ನಾನು ಅಂದುಕೊಂಡೆ. ಅಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಕೂಡಲೇ ನಾನೂ ಅವನ ಪಕ್ಕದಲ್ಲಿ ಕುಳಿತೆ.

ಶರಣಪ್ಪ ನಮ್ಮ ಇಪ್ಪತ್ತೆರಡು ಇಂಚಿನದನ್ನು ಎತ್ತಿ, ಎಣ್ಣೆಯ ಬಾಯಿಗೆ ಮೂಗು ಹಿಡಿದು, ಒಳಗೆ ಬೆರಳು ಹಾಕಿ ನೋಡಿದರು. "ಕೊಬ್ಬರಿ ಎಣ್ಣಿ," ಎಂದರು. ಬೆರಳನ್ನು ತಲೆಗೆ ಒರೆಸಿಕೊಂಡರು. "ಇದು ಹೆಪ್ಪುಗಟ್ಟಿದ್ದಕ್ಕ ನೀವು ಉಳದ್ರಿ, ಸರ. ಇನ್ನೊಂದು ನಿಮಿಷ ಮಿಷನ್ ನಡದಿತ್ತಂದ್ರ..." ಎಂದು ವಾಕ್ಯ ಮುಗಿಸದೆ ಕ್ಯಾರಿಯರಿನ ಕಡೆ ನೋಡಿದರು. ದೊಡ್ಡ ಗರಗಸವನ್ನು ನೀವೇ ಇಟ್ಟುಕೊಳ್ಳಿ ಎಂದು ಶ್ರೀಪತಿ ಕೊಡಲು ಹೋದ. "ನನಗ್ಯಾಕ್ರಿ? ಅಷ್ಟುದ್ದ ನನ್ನ ಮೊಪೆಡ್ನಾಗ ಹಿಡ್ಯಂಗಿಲ್ಲ," ಎಂದು ಅವರು ದೊಡ್ಡ ಮರದ ಕಡೆ ನಡೆದರು. ಅದನ್ನು ಕಾಲು ಗಂಟೆಯಲ್ಲಿ ತುಂಡು ಮಾಡಿದರು. ಅವರು ಹೇಳಿದ ಹಾಗೆಯೇ ಅದು ಸುಮ್ಮನೆ ಮಲಗಿತ್ತು.

ಈಗ ಜೀಪಿನಲ್ಲಿ ಹದಿನಾರು ಇಂಚಿನ ಗರಗಸ, ಎರಡು ಬೆಣೆ, ಒಂದು ಹಗ್ಗ, ಪ್ರಭುಗಳ ಅಂಗಡಿಯ ಎಣ್ಣೆ ಇವೆ. ಬಾಗಿದ ಮರ ಕಂಡರೆ ನಾವು ಜೀಪು ತಿರುಗಿಸಿ ಶರಣಪ್ಪನವರಿಗೆ ಫೋನು ಮಾಡುತ್ತೇವೆ. ನನ್ನ ನಗುವಿಗೆ ಬದಲು ದಿನಾ ಅವರ ಮನೆಯ ತಿರುವಿನಲ್ಲಿ ಒಂದೆರಡು ಮಾತಾಗುತ್ತದೆ. ಶಾಲಿನಿಗೆ ಕ್ಯಾರಿಯರು ಜೀಪಿನ ಚಕ್ರಕ್ಕೆ ಸಿಕ್ಕಿತೆಂದಷ್ಟೇ ಹೇಳಿದ್ದೇವೆ.

ಮೊನ್ನೆ ಬೆಳಿಗ್ಗೆ ಚಳಿ ಜೋರಿತ್ತು. ಸ್ನಾನಕ್ಕೆ ಹೊರಟವನು ತಲೆಗೆ ಎಣ್ಣೆ ಹಚ್ಚೋಣವೆಂದು ಡಬ್ಬಿ ತೆಗೆದರೆ ಒಳಗೆ ಬೆಳ್ಳಗೆ ಹೆಪ್ಪುಗಟ್ಟಿದೆ. ಎಷ್ಟು ಹೊತ್ತು ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆನೋ, ಶಾಲಿನಿ ಅಡುಗೆಮನೆಯಿಂದ ಇಣುಕಿದಳು. "ಎಂತ ಅದನ್ನು ತೀರ್ಥದ ಹಾಗೆ ಹಿಡ್ಕೊಂಡು ನಿಂತದ್ದು? ಬಿಸಿನೀರಲ್ಲಿ ಇಟ್ರೆ ಕರಗ್ತದೆ. ಕಾಲೇಜಲ್ಲಿ ಪಾಠ ಮಾಡುವವರು, ಅಷ್ಟೂ ಗೊತ್ತಿಲ್ವಾ ನಿಮಗೆ?"

ಗೊತ್ತಿತ್ತು. ಗೊತ್ತಿದ್ದದ್ದು ಸಮಯಕ್ಕೆ ಸರಿಯಾಗಿ ನೆನಪಾಗಿದ್ದರೆ ಈವತ್ತು ಎಣ್ಣೆ ಹಚ್ಚಲು ಈ ತಲೆಯೇ ಇರುತ್ತಿರಲಿಲ್ಲ.

"ಗೊತ್ತಿಲ್ಲ," ಎಂದೆ.