ಷಡ್ಡಕರೂ ನಮ್ಮ ಮನೆಯ ಮೀಟರೂ

ನಮ್ಮ ಷಡ್ಡಕರು ಯಾರ ಮನೆಗೆ ಹೋದರೂ ಮೊದಲು ವಿಚಾರಿಸಿಕೊಳ್ಳುವುದು ಸ್ವಿಚ್ ಬೋರ್ಡನ್ನು. ಮನೆಯವರ ಯೋಗಕ್ಷೇಮ ಆಮೇಲೆ!

ಷಡ್ಡಕರು ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಮನೆ ಮಲ್ಲೇಶ್ವರದಲ್ಲಿ, ನೋಟ್‌ಬುಕ್ಕು ರಟ್ಟುಗಳ ಸಗಟು ಅಂಗಡಿ ಅವೆನ್ಯೂ ರಸ್ತೆಯಲ್ಲಿ. ಜಿಪುಣರೆಂದು ಮಾತ್ರ ತಿಳಿಯಬೇಡಿ. ಹೋಟೆಲಿನಲ್ಲಿ ಬಿಲ್ಲಿಗೆ ಬೇರೆಯವರ ಕೈ ತಾಕಲು ಬಿಟ್ಟವರಲ್ಲ. ಹಬ್ಬಕ್ಕೆ ಬಂದರೆ ಹಣ್ಣಿನ ಚೀಲ ಹೊರಲಾರದೆ ಹೊತ್ತು ಮೆಟ್ಟಿಲು ಹತ್ತುತ್ತಾರೆ. ಆದರೆ ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೆ ಅವರಿಗೆ ತಡೆಯಲಾಗದು. “ಯಾರಿಗ್ರೀ ಬೀಸ್ತಿದೆ ಅದು? ಗೋಡೆಗಾ?” ಎನ್ನುತ್ತಲೇ ಆರಿಸುತ್ತಾರೆ. ಸ್ವಂತ ಮನೆ, ಪರರ ಮನೆ, ಬ್ಯಾಂಕು, ದಂತವೈದ್ಯರ ಷಾಪು, ಯಾವುದಕ್ಕೂ ಭೇದವಿಲ್ಲ!

ಬಸವನಗುಡಿಯ ಒಂದು ಛತ್ರದಲ್ಲಿ ನಮ್ಮ ಕಡೆಯವರ ಮದುವೆ. ಹಾಡುಹಗಲಲ್ಲಿ ಅಷ್ಟೊಂದು ದೀಪ ಉರಿಯುತ್ತಿದ್ದದ್ದು ಷಡ್ಡಕರಿಗೆ ಸಹಿಸಲಾಗಲಿಲ್ಲ. ಮಂಟಪದ ಹಿಂದೆ ಸದ್ದಿಲ್ಲದೆ ಹೋಗಿ ಬೋರ್ಡನ್ನು ಪತ್ತೆ ಹಚ್ಚಿದರು. ಪುರೋಹಿತರು “ಗಟ್ಟಿಮೇಳ, ಗಟ್ಟಿಮೇಳ” ಎಂದ ಕ್ಷಣವೇ ಇವರ ಬೆರಳು ಒಂದು ಸ್ವಿಚ್ಚಿನ ಮೇಲೆ ಬಿತ್ತು. ಅದು ವಿಡಿಯೋದವನ ದೊಡ್ಡ ಲೈಟು! ಆ ವಿಡಿಯೋದಲ್ಲಿ ತಾಳಿ ಕಟ್ಟುತ್ತಿರುವ ಕೈಗಳು ಯಾರವೆಂದು ಇಂದಿಗೂ ಹೇಳಲಾಗದು. ವರನವೇ ಇರಬೇಕೆಂದು ಎರಡೂ ಕಡೆಯವರು ನಂಬಿಕೊಂಡಿದ್ದಾರೆ.

ಇಂಥವರನ್ನು ನಮ್ಮ ಮನೆಗೆ ನಾವೇ ಕರೆಸಿಕೊಂಡೆವು ಎಂದರೆ ನಂಬುತ್ತೀರಾ?

ಆದದ್ದಿಷ್ಟು. ಚಾಮರಾಜಪೇಟೆಯ ನಮ್ಮದು ಮೂರನೆಯ ಮಹಡಿಯ ಪುಟ್ಟ ಫ್ಲ್ಯಾಟು. ಒಂದು ಹಾಲು, ಒಂದು ಕೋಣೆ, ಇಬ್ಬರು ಒಟ್ಟಿಗೆ ನಿಂತರೆ ಒಬ್ಬರು ಹೊರಗೆ ಬರಬೇಕಾದ ಅಡುಗೆಮನೆ. ನಾನು, ನನ್ನ ಹೆಂಡತಿ, ಹೋದ ವರ್ಷದಿಂದ ನಮ್ಮ ಜೊತೆಗಿರುವ ನನ್ನ ಅತ್ತೆ. ಸರ್ಕಾರದ ಉಚಿತದ ಮಿತಿಯೊಳಗೇ ಇದ್ದು ಸೊನ್ನೆ ತೋರಿಸುತ್ತಿದ್ದ ಕರೆಂಟ್ ಬಿಲ್ಲು ಇದ್ದಕ್ಕಿದ್ದಂತೆ ಮಿತಿ ದಾಟಿ, ಪೂರ್ತಿ ದುಡ್ಡು ಕಟ್ಟಿ ಎನ್ನತೊಡಗಿತು. ಇದಕ್ಕೆಲ್ಲ ನನ್ನ ಕಂಪ್ಯೂಟರೇ ಕಾರಣ ಎಂದಳು ಹೆಂಡತಿ. ಅವಳ ಗ್ರೈಂಡರ್ ಎಂದೆ ನಾನು. ಬಿಲ್ಲು ಬಂದ ದಿನವೆಲ್ಲ ನಮ್ಮಲ್ಲಿ ಮಹಾಯುದ್ಧ! ಅತ್ತೆ ಮಾತ್ರ ಎದ್ದು ಬಾಲ್ಕನಿಗೆ ಹೋಗಿಬಿಡುತ್ತಿದ್ದರು. ಕೊನೆಗೆ ಹೆಂಡತಿ ಭಾವನಿಗೆ ಫೋನ್ ಮಾಡಿದಳು.

ಶನಿವಾರ ಸಂಜೆಯೇ ಟಾರ್ಚು ಹಿಡಿದು ಬಂದಿಳಿದರು. ಕಾಫಿ ಕೊಟ್ಟರೆ “ಅದು ಆಮೇಲೆ” ಎಂದು ನೇರ ಫ್ರಿಡ್ಜಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಬಾಗಿಲಿನ ಸಂದಿಗೆ ಒಂದು ಕಾಗದದ ಚೂರು ಸಿಕ್ಕಿಸಿ, ಬಾಗಿಲು ಮುಚ್ಚಿ ಎಳೆದರು. ಕಾಗದ ಬೆಣ್ಣೆಯಿಂದ ಕೂದಲು ಬಂದಂತೆ ಬಂತು.

“ನೋಡ್ರೀ! ರಬ್ಬರ್ ಸತ್ತೋಗಿದೆ. ಇಡೀ ಚಾಮರಾಜಪೇಟೆಗೆ ತಂಪು ಹಂಚ್ತಿದೀರ ನೀವು!”

“ಪುಣ್ಯ ಬರುತ್ತೆ ಬಿಡಿ ಭಾವ.”

“ಪುಣ್ಯ ಬರಲ್ಲ ಸ್ವಾಮಿ, ಬಿಲ್ ಬರುತ್ತೆ!”

ಆಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಪಾಠ. ನಾನು ಹೆಮ್ಮೆಯಿಂದ, ಹಾಲಿನಲ್ಲಿ ಒಂದೇ ದೀಪ ಹಾಕುತ್ತೇವೆ ಎಂದೆ. ಅವರು ನನ್ನನ್ನು ಮರುಕದಿಂದ ನೋಡಿದರು. “ಬೆಳಕು ಏನ್ರೀ ತಿನ್ನುತ್ತೆ ಪಾಪ? ಈಗಿನ ಬಲ್ಬು ಗುಬ್ಬಚ್ಚಿ ಥರ, ಕಾಳು ಹೆಕ್ಕುತ್ತೆ ಅಷ್ಟೆ. ತಿನ್ನೋದು ಬಿಸಿ! ಗೀಸರ್, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸೋ ಕಾಯಿಲ್ಲು. ಬಿಸಿ ಮಾಡೋದೆಲ್ಲಾ ಹೊಟ್ಟೆಬಾಕ. ನೀವು ಬಾತ್ರೂಮ್ ಬಲ್ಬ್ ಆರಿಸಿ, ಗೀಸರ್ ಹಾಗೇ ಬಿಟ್ಟು ಆಫೀಸಿಗೆ ಹೋಗೋ ಪೈಕಿ.”

ನಿಜ, ನಾನು ಆ ಪೈಕಿಯೇ.

ಭಾನುವಾರ ಬೆಳಗ್ಗೆ ಸ್ನಾನಕ್ಕೆ ಸಾಲು ನಿಲ್ಲಿಸಿದರು. ಒಮ್ಮೆ ಕಾಯಿಸಿ ಗೀಸರ್ ಆರಿಸುವುದು, ಆ ಬಿಸಿಯಲ್ಲೇ ಎಲ್ಲರದೂ ಒಬ್ಬರ ಹಿಂದೊಬ್ಬರು ಮುಗಿಯಬೇಕು. ನಾನು ಸೋಪು ಹಚ್ಚಿಕೊಂಡು, ಅಭ್ಯಾಸಬಲದಿಂದ ಒಂದು ಹಾಡು ಎತ್ತಿಕೊಂಡೆ. ಬಾಗಿಲ ಮೇಲೆ ಧಡಧಡ! “ಹಾಡೋದನ್ನ ಆಚೆ ಬಂದು ಹಾಡಿ! ಅಲ್ಲಿ ನೀರು ಆರ್ತಿದೆ!” ನನ್ನ ಸಂಗೀತಕ್ಕೆ ಇಷ್ಟು ಸಕಾರಣವಾದ ವಿಮರ್ಶೆ ಹಿಂದೆಂದೂ ಬಂದಿರಲಿಲ್ಲ.

ಫ್ರಿಡ್ಜಿನ ರಬ್ಬರ್ ಬದಲಾಯಿತು. ಗೀಸರ್ ಶಿಸ್ತು ಕಲಿಯಿತು. ಟಿವಿಯ ಡಬ್ಬಿ ರಾತ್ರಿಯೆಲ್ಲ ಕೆಂಪು ಕಣ್ಣು ಬಿಟ್ಟುಕೊಂಡಿರುವುದನ್ನು ನಿಲ್ಲಿಸಿತು. ಮುಂದಿನ ತಿಂಗಳ ಬಿಲ್ಲು ಬಂತು. ಇಳಿದದ್ದು ಒಂದಿಷ್ಟೇ ಇಷ್ಟು! ಷಡ್ಡಕರ ಮುಖ ಬಿದ್ದುಹೋಯಿತು. ಸ್ವಂತ ಮಗ ಪರೀಕ್ಷೆಯಲ್ಲಿ ಫೇಲಾದಾಗಲೂ ಅವರು ಅಷ್ಟು ನೊಂದಿರಲಿಲ್ಲ.

“ನಿಮ್ಮ ಲೈನಿಂದ ಯಾರೋ ಎಳ್ಕೊಳ್ತಿದಾರೆ,” ಎಂದು ತೀರ್ಪಿತ್ತು, ಎರಡನೆಯ ಮಹಡಿಯವರ ಬಾಗಿಲು ತಟ್ಟಿಯೇಬಿಟ್ಟರು! ನಾನು ಮಾನ ಹೋಯಿತೆಂದು ಒಳಗೆ ಅಡಗಿ ಕುಳಿತೆ. ಬಹಳ ಹೊತ್ತಾದರೂ ಜಗಳದ ಸದ್ದಿಲ್ಲ. ಇಳಿದು ಹೋಗಿ ಇಣುಕಿದರೆ, ಆ ಮನೆಯಾಕೆ ಚಕ್ಕುಲಿ ತಟ್ಟೆ ಹಿಡಿದು ನಿಂತಿದ್ದಾರೆ, ಷಡ್ಡಕರು ಅವರ ಫ್ರಿಡ್ಜಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಈಗ ಆಕೆ ನನ್ನನ್ನು ಕಂಡಾಗಲೆಲ್ಲ ಕೇಳುವುದು ಒಂದೇ: “ನಿಮ್ಮ ಭಾವನವರು ಯಾವಾಗ ಬರ್ತಾರೆ?” ನನ್ನ ಯೋಗಕ್ಷೇಮ ಅವರಿಗೆ ಬೇಕಾಗಿಲ್ಲ.

ಷಡ್ಡಕರು ಸೋಲೊಪ್ಪಲಿಲ್ಲ. ಅವೆನ್ಯೂ ರಸ್ತೆಯಿಂದ ನಮ್ಮಲ್ಲಿಗೆ ಸ್ಕೂಟರಿನಲ್ಲಿ ಬರುವುದು ಅವರಿಗೆ ದೊಡ್ಡ ಮಾತಲ್ಲ. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದ ಹೊತ್ತಿಗೆ ಬಂದು, ಕೆಳಗಿನ ಮೆಟ್ಟಿಲ ಸಂದಿಯಲ್ಲಿರುವ ಮೀಟರುಗಳ ಮುಂದೆ ನಿಂತು ಹೋಗತೊಡಗಿದರು. ಮೀಟರಿನಲ್ಲೊಂದು ಪುಟ್ಟ ಕೆಂಪು ದೀಪವಿದೆಯಲ್ಲ, ಕರೆಂಟು ಹೆಚ್ಚು ಹರಿದಷ್ಟೂ ಅದು ಬೇಗ ಬೇಗ ಮಿನುಗುತ್ತದೆ. ಒಂದು ಮಧ್ಯಾಹ್ನ ನನಗೆ ಫೋನು: “ನೀವಿಬ್ರೂ ಆಫೀಸಲ್ಲಿ ಇದೀರ ತಾನೆ? ನಿಮ್ಮ ಮೀಟರ್ ನೋಡಿ, ಹುಚ್ಚು ಹಿಡಿದಂಗೆ ಮಿನುಗ್ತಿದೆ! ಯಾವುದೋ ಬಿಸಿ ಓಡ್ತಿದೆ ಮೇಲೆ. ಇವತ್ತು ಸಿಕ್ಕಿಬಿತ್ತು! ಇರಿ, ಹತ್ತಿ ನೋಡ್ತೀನಿ.”

ಸಂಜೆ ನಾವು ಬರುವವರೆಗೂ ಅವರು ಮನೆಯಲ್ಲೇ ಇದ್ದರು. ಕಣ್ಣಲ್ಲಿ ಕಣ್ಣಿಡದೆ ಸೀಲಿಂಗ್ ನೋಡುತ್ತ ಹೇಳಿದರು: “ಗೀಸರ್ ಕೆಟ್ಟಿದೆ. ತಾನೇ ತಾನಾಗಿ ಹತ್ಕೊಳ್ತಿತ್ತು. ಸರಿ ಮಾಡಿಸ್ತೀನಿ ಬಿಡಿ.”

“ಎಷ್ಟು ಯೂನಿಟ್ ತಿಂದಿದೆ ಭಾವ?”

“ನೆನಪಿಲ್ಲ.”

ಷಡ್ಡಕರಿಗೆ ಯೂನಿಟ್ಟು ನೆನಪಿಲ್ಲ! ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಹೊರಡುವಾಗ, “ಅತ್ತೇನ ಒಂದೆರಡು ವಾರ ಮಲ್ಲೇಶ್ವರಕ್ಕೆ ಕರ್ಕೊಂಡು ಹೋಗ್ತೀನಿ. ನಮ್ಮವಳೂ ಅಮ್ಮ ಅಮ್ಮ ಅಂತಿರ್ತಾಳೆ,” ಎಂದರು. ಅತ್ತೆ ಆಗಲೇ ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡಿದ್ದರು. ಅವರು ವಾಪಸು ಬಂದಾಗ ಮುಖದಲ್ಲಿ ಕಳೆ ಬಂದಿತ್ತು. ಬಿಲ್ಲು ಮತ್ತೆ ಸೊನ್ನೆಗೆ ಇಳಿದಿತ್ತು. ಗೀಸರ್ ರಿಪೇರಿಯ ಮಹಿಮೆಯೆಂದು ನಾನು ಆಫೀಸಿನಲ್ಲೆಲ್ಲ ಭಾಷಣ ಮಾಡಿದೆ.

ಮೊನ್ನೆ ಮೊನ್ನೆಯವರೆಗೂ ಹಾಗೇ ನಂಬಿದ್ದೆ. ಅವತ್ತು ರಜೆ, ಮೂವರೂ ಊಟಕ್ಕೆ ಕೂತಿದ್ದೆವು. ಷಡ್ಡಕರು ಯಾವುದೋ ಬ್ಯಾಂಕಿನಲ್ಲಿ ಮ್ಯಾನೇಜರ ತಲೆಯ ಮೇಲಿನ ಫ್ಯಾನ್ ಆರಿಸಿ ಬೈಸಿಕೊಂಡದ್ದನ್ನು ನಾನು ಅಭಿನಯಿಸಿ ತೋರಿಸುತ್ತಿದ್ದೆ. ಹೆಂಡತಿ ನಗುತ್ತ, “ಭಾವಂಗೆ ಒಂದು ಸುತ್ತು ಕಮ್ಮಿ,” ಎಂದಳು.

ಅತ್ತೆ ತುತ್ತನ್ನು ಎಲೆಗೆ ಹಾಕಿದರು. “ಅವರನ್ನ ಏನೂ ಅನ್ಬೇಡಿ,” ಎಂದರು. ನಾವಿಬ್ಬರೂ ನಗು ನಿಲ್ಲಿಸಿದೆವು.

“ಗೀಸರ್ ಕೆಟ್ಟಿರ್ಲಿಲ್ಲ ಕಣೆ. ಮಧ್ಯಾಹ್ನ ಹೊತ್ತು ನಾನೇ ಹಾಕ್ತಿದ್ದೆ. ನಂಗೆ ಆಗ ಮಲಗಿದಾಗ ಗೊತ್ತಾಗ್ದಂಗೆ ಹಾಸಿಗೇಲೇ ಒಂದಕ್ಕೆ ಆಗ್ಬಿಡ್ತಿತ್ತು. ಯಾರಿಗೆ ಹೇಳ್ಲಿ? ಮಗಳ ಮನೆ, ಮಲಗೋದು ಅಳಿಯಂದ್ರು ಓಡಾಡೋ ಹಾಲು. ನೀವು ಹೋದ್ಮೇಲೆ ಬಿಸಿನೀರಲ್ಲಿ ಶೀಟು ಒಗೆದು, ನೀವು ಬರೋದ್ರೊಳಗೆ ಒಣಗ್ಬೇಕು ಅಂತ ಒದ್ದೆ ಮೇಲೇ ಇಸ್ತ್ರಿ ಉಜ್ತಿದ್ದೆ. ಬಿಲ್ಲಿಗೆ ನೀವಿಬ್ರೂ ಕಿತ್ತಾಡೋವಾಗ ಜೀವ ಬಾಯಿಗೆ ಬರ್ತಿತ್ತು.”

ಹೆಂಡತಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಅಳಿಯಂದಿರ ಎದುರು ಸೆರಗು ಹೊದೆಯದೆ ನಿಂತವರಲ್ಲ ನಮ್ಮತ್ತೆ. ಕುರ್ಚಿಯಲ್ಲಿ ಕೂತದ್ದನ್ನೂ ನಾನು ಕಂಡಿಲ್ಲ. ಅವರು ಎಲೆಯತ್ತಲೇ ನೋಡುತ್ತ ಮುಂದುವರಿಸಿದರು.

“ಅವತ್ತು ಅವರು ಬೆಲ್ ಮಾಡಿದ್ರು. ಬಾಗಿಲು ತೆಗೆಯೋವಾಗ ಕೈಯಲ್ಲಿ ಶೀಟು, ಮೈಯೆಲ್ಲಾ ಒದ್ದೆ. ಅವರು ಶೀಟು ನೋಡಿದ್ರು, ನನ್ನ ನೋಡಿದ್ರು. ನಂಗೆ ಭೂಮಿ ಬಾಯಿ ಬಿಡಬಾರ್ದಾ ಅನ್ಸ್ತು. ಒಂದು ಮಾತು ಕೇಳ್ಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ‘ಅತ್ತೆ, ಸರಿಯಾಗಿ ಹಿಂಡಿಲ್ಲ, ಆ ತುದಿ ಹಿಡ್ಕೊಳ್ಳಿ,’ ಅಂದ್ರು. ಇಬ್ರೂ ಸೇರಿ ಹಿಂಡಿದ್ವಿ. ಆಮೇಲೆ ಅವರೇ ಕೂತು, ಅದು ಒಣಗೋವರೆಗೂ ಇಸ್ತ್ರಿ ಹಾಕಿದ್ರು. ಮಾರನೇ ದಿನ ನಿಮ್ಮಕ್ಕನ ಜೊತೆ ಮಾಡಿ ಲೇಡಿ ಡಾಕ್ಟರ್ ಹತ್ರ ಕಳಿಸಿದ್ರು. ಸಕ್ಕರೆ ಕಾಯಿಲೆ ಅಂತೆ. ಮಾತ್ರೆಗೇ ಹಿಡಿತಕ್ಕೆ ಬಂತು. ‘ನಿನ್ನ ತಂಗಿಗೆ ಹೇಳ್ಬೇಡ, ಅತ್ತೆಗೆ ಮನಸ್ಸು ಬಂದಾಗ ಅವರೇ ಹೇಳ್ತಾರೆ,’ ಅಂತ ಅವಳ ಹತ್ರ ಮಾತು ತಗೊಂಡಿದ್ರಂತೆ.”

ಆಮೇಲೆ ಅತ್ತೆ, ತಮಗೇ ಹೇಳಿಕೊಂಡ ಹಾಗೆ, ಮೆಲ್ಲಗೆ ಅಂದರು:

“ನಿಮ್ಮಪ್ಪನೂ ಒಳ್ಳೇವ್ರೇ. ಆದ್ರೆ ನಾನು ಒಗೆದ ಬಟ್ಟೇದು ಇನ್ನೊಂದು ತುದಿ ಯಾವತ್ತೂ ಹಿಡಿದೋರಲ್ಲ.”

ಹೆಂಡತಿ ಎಂಜಲು ಕೈಯಲ್ಲೇ ಎದ್ದು, ಎಡಗೈಯಿಂದ ಫೋನು ಒತ್ತಿದಳು. ಆ ಕಡೆಯಿಂದ ಷಡ್ಡಕರ ದನಿ ನನಗೂ ಕೇಳಿಸಿತು: “ಏನಮ್ಮಾ, ಏನಾಯ್ತು? ಅತ್ತೆ ಚೆನ್ನಾಗಿದಾರಾ?”

“ಚೆನ್ನಾಗಿದಾರೆ ಭಾವ,” ಎಂದಳು. “ಭಾನುವಾರ ಊಟಕ್ಕೆ ಬನ್ನಿ. ಬರ್ಲೇಬೇಕು.”